ಪದ ಪರಿಚಯ: ಕೊಲೆಸಿಸ್ಟೊಕೈನಿನ್

ಸಣ್ಣ ಕರುಳಿನ ಮೊದಲ ಭಾಗದಲ್ಲಿ ತಯಾರಾಗುವ ಹಾರ್ಮೋನು. ಹೆಸರಿನಲ್ಲಿ ಗ್ರೀಕಿನ ಮೂರು ಪದಗಳಿವೆ: ‘ಖೊಲೆ’ ಎಂದರೆ ಪಿತ್ತ, ‘ಕಿಸ್ಟಿಸ್’ ಎಂದರೆ ಚೀಲ, ‘ಕಿನೇಯಿನ್’ ಎಂದರೆ ಚಲಿಸುವಂತೆ ಮಾಡುವುದು. ಪಿತ್ತಕೋಶವನ್ನು ಹಿಂಡಿ ಪಿತ್ತರಸ ಹೊರಡಿಸುವ ಈ ವಸ್ತುವನ್ನು 1928ರಲ್ಲಿ ಗುರುತಿಸಿ ಹೆಸರಿಟ್ಟವರು ಅಮೆರಿಕದ ಐವಿ ಮತ್ತು ಓಲ್ಡ್‌ಬರ್ಗ್. 1943ರಲ್ಲಿ ಬ್ರಿಟನ್ನಿನ ಹಾರ್ಪರ್ ಮತ್ತು ರೇಪರ್ ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ಹೊರಡಿಸುವ ‘ಪ್ಯಾಂಕ್ರಿಯೋಜೈಮಿನ್’ ಅನ್ನು ಕಂಡುಕೊಂಡರು. ಎರಡೂ ಒಂದೇ ಎಂಬುದು ಆಮೇಲೆ ಖಚಿತವಾಗಿ, ಹಳೆಯ ಹೆಸರೇ ಉಳಿಯಿತು. ವೈದ್ಯರ ಬಳಕೆಯಲ್ಲಿ ಇದು ‘ಸಿಸಿಕೆ’.

ಊಟದ ಕೊಬ್ಬು, ಪ್ರೋಟೀನು ಕರುಳಿಗೆ ಇಳಿದಾಗ ಸಿಸಿಕೆ ರಕ್ತಕ್ಕೆ ಸೇರುತ್ತದೆ. ಜಠರ ಖಾಲಿಯಾಗುವುದು ನಿಧಾನವಾಗಿ, ಹೊಟ್ಟೆ ತುಂಬಿದ ಭಾವ ಮೂಡುತ್ತದೆ. ಅಮೈನೊ ಆಮ್ಲಗಳಲ್ಲಿ ಫಿನೈಲ್‌ಅಲನಿನ್, ಟ್ರಿಪ್ಟೊಫಾನ್ ಇದನ್ನು ಹೆಚ್ಚು ಪ್ರಚೋದಿಸುತ್ತವೆ. ಸಿಸಿಕೆ ತಯಾರಿಸುವ ಕರುಳಿನ ‘ಐ’ ಕೋಶಗಳ ಮೇಲಿನ ಕ್ಯಾಲ್ಸಿಯಂ ಗ್ರಾಹಕವೇ ಇವುಗಳನ್ನೂ ಗುರುತಿಸುತ್ತದೆ. ಅದರ ಆಯ್ಕೆ ಎಷ್ಟು ನಿಖರವೆಂದರೆ, ಫಿನೈಲ್‌ಅಲನಿನ್ನಿನ ‘ಎಲ್’ ರೂಪಕ್ಕೆ ಸಿಗುವ ಸ್ಪಂದನೆ ಅದರ ಕನ್ನಡಿ ಪ್ರತಿಬಿಂಬದಂಥ ‘ಡಿ’ ರೂಪಕ್ಕೆ ಸಿಗುವುದಿಲ್ಲ.

ಪ್ರಯೋಗ: ‘ಪೂರಕವಾಗಿ ಕೊಟ್ಟ ಫಿನೈಲ್‌ಅಲನಿನ್ ಸಿಸಿಕೆಯನ್ನು ಏರಿಸಿತು.’ ಹಾಗೆಂದು ಹಸಿವು ತಗ್ಗಿಸಲು ಇಂಥ ಪುಡಿಗಳನ್ನು ತಾವಾಗಿಯೇ ಸೇವಿಸುವುದು ಸಲ್ಲದು. ಫಿನೈಲ್‌ಕೀಟೋನೂರಿಯಾ ಎಂಬ ಆನುವಂಶಿಕ ಕಾಯಿಲೆ ಇರುವವರಿಗೆ ಫಿನೈಲ್‌ಅಲನಿನ್ ಮಿದುಳಿಗೇ ಹಾನಿಕರ.