ಗೃಹಸ್ವಾಮ್ಯ: ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯ ಕ್ರಯವಿಕ್ರಯ

ಗೃಹಸ್ವಾಮ್ಯವೆಂದರೆ ಮನೆಯ ಮೇಲೆಯೂ ಅದು ನಿಂತಿರುವ ನೆಲದ ಮೇಲೆಯೂ ಒಬ್ಬ ವ್ಯಕ್ತಿಗೆ ಅಥವಾ ಕುಟುಂಬಕ್ಕೆ ಇರುವ, ಕಾನೂನು ಮನ್ನಿಸುವ ಹಕ್ಕು. ತಮಿಳುನಾಡಿನ ಪಶ್ಚಿಮ ಭಾಗದ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಈ ಹಕ್ಕನ್ನು ಕೊಳ್ಳುವ, ಮಾರುವ ಮತ್ತು ಉಳಿಸಿಕೊಳ್ಳುವ ಕ್ರಮವು ಕರ್ನಾಟಕದ ಖಾತೆ, ಪಹಣಿಗಳಿಗೆ ಒಗ್ಗಿದವರಿಗೆ ಹಲವೆಡೆ ಹೊಸದೆನಿಸುತ್ತದೆ. ತಿರುಪ್ಪೂರು ಜಿಲ್ಲೆ ರಚನೆಯಾದದ್ದು 2009ರಲ್ಲಿ. ಅದಕ್ಕೆ ಹಿಂದಿನ ಪತ್ರಗಳಲ್ಲಿ ಅವಿನಾಶಿ, ಪಲ್ಲಡಂ, ಉಡುಮಲೈಪೇಟೆಗಳು ಕೊಯಮತ್ತೂರು ಜಿಲ್ಲೆಯಲ್ಲೂ ಧಾರಾಪುರಂ, ಕಾಂಗೇಯಂಗಳು ಈರೋಡು ಜಿಲ್ಲೆಯಲ್ಲೂ ಇರುವಂತೆ ಬರೆದಿರುವುದು ದೋಷವಲ್ಲ. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ ಕೊಳ್ಳೇಗಾಲವೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು.

ಈ ಸೀಮೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರೂ ಒಕ್ಕಲಿಗರೂ ತಲೆಮಾರುಗಳಿಂದ ನೆಲೆಸಿದ್ದಾರೆ. ಮಗ್ಗವನ್ನು ಮನೆಯೊಳಗೇ ಇರಿಸಿಕೊಂಡು ಬದುಕಿದ ನೇಕಾರ ಕುಟುಂಬಗಳಲ್ಲಿ ಮನೆಯೆಂಬುದು ವಾಸಸ್ಥಳವೂ ಹೌದು, ದುಡಿಮೆಯ ಸ್ಥಳವೂ ಹೌದು. ಅಂಥ ಮನೆಗಳು ಅಣ್ಣತಮ್ಮಂದಿರಲ್ಲಿ ಬಾಯಿಮಾತಿನಲ್ಲೇ ಪಾಲಾಗಿ, ಗೋಡೆಗಳು ಇಬ್ಬರಿಗೂ ಸೇರಿದವಾಗಿ ಉಳಿದಿದ್ದರೆ, ಮಾರುವ ಹೊತ್ತಿನಲ್ಲಿ ಬೇಕಾಗುವ ದಾಖಲೆಗಳು ಸಿಗದೆ ತೊಡಕಾಗುತ್ತದೆ.

ಕೊಳ್ಳುವವರು ಮೊದಲು ಅರಿಯಬೇಕಾದ ಸಂಗತಿ ಒಂದಿದೆ. ನೋಂದಣಿ ಕಚೇರಿಯು ಪತ್ರವನ್ನು ದಾಖಲಿಸುತ್ತದೆಯೇ ಹೊರತು ಮಾರುವವನೇ ನಿಜವಾದ ಒಡೆಯನೆಂದು ಖಾತರಿ ಕೊಡುವುದಿಲ್ಲ. 1908ರ ನೋಂದಣಿ ಕಾಯಿದೆಯಡಿ ಹಕ್ಕಿನ ನಿಜಾಂಶವನ್ನು ನಿರ್ಣಯಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನದೇ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಮುದ್ರೆ ಬಿದ್ದ ಕ್ರಯಪತ್ರವನ್ನು ಕಂಡು ನಿಶ್ಚಿಂತರಾಗುವುದು ತಪ್ಪು. ನೋಂದಣಿ ಇಲಾಖೆಯ ಪತ್ರ, ಕಂದಾಯ ಇಲಾಖೆಯ ಪಟ್ಟಾ ಮತ್ತು ನೆಲದ ಮೇಲಿನ ಅಳತೆ ಈ ಮೂರೂ ಒಂದನ್ನೊಂದು ಒಪ್ಪಿದಾಗಲೇ ಆಸ್ತಿ ನಂಬಿಕೆಗೆ ಅರ್ಹವಾಗುತ್ತದೆ.

ಮೂಲಪತ್ರವೆಂದರೆ ಈಗಿನ ಮಾರಾಟಗಾರನಿಗೆ ಹಕ್ಕು ಬಂದ ದಾರಿಯನ್ನು ತೋರಿಸುವ ಹಿಂದಿನ ಕ್ರಯ, ದಾನ, ವಿಭಾಗ ಮುಂತಾದ ಪತ್ರಗಳ ಸರಣಿ. ಅದರ ನಕಲಲ್ಲ, ಅಸಲನ್ನೇ ನೋಡಬೇಕು, ಏಕೆಂದರೆ ಅಸಲು ಕೈಯಲ್ಲಿಲ್ಲದ ಆಸ್ತಿ ಬ್ಯಾಂಕಿನಲ್ಲೋ ಸಾಲಿಗನಲ್ಲೋ ಅಡವಿದ್ದಿರಬಹುದು. ತಮಿಳಿನಲ್ಲಿ ವಿಲ್ಲಂಗ ಸರ್ಟಿಫಿಕೇಟ್ ಎಂದೂ ಬಳಕೆಯಲ್ಲಿ ಇ.ಸಿ. ಎಂದೂ ಕರೆಯುವ ಋಣಭಾರ ಪ್ರಮಾಣಪತ್ರವು ಆ ಸರ್ವೆ ನಂಬರಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ಪಟ್ಟಿಮಾಡುತ್ತದೆ. ಕನಿಷ್ಠ 30 ವರ್ಷಗಳ ಇ.ಸಿ. ತೆಗೆಸುವುದು ರೂಢಿ. ಆದರೆ ಅದರ ಮಿತಿಯನ್ನು ತಿಳಿದಿರಬೇಕು: ಉಯಿಲುಗಳು ನೋಂದಣಿಯಾಗಿದ್ದರೂ ಬೇರೆ ಪುಸ್ತಕದಲ್ಲಿ ದಾಖಲಾಗುವುದರಿಂದ ಅದರಲ್ಲಿ ಕಾಣವು, ಬಾಯಿಮಾತಿನ ಪಾಲು ಕಾಣದು, ನೋಂದಣಿಯಾಗದ ಕೈಸಾಲದ ಒಪ್ಪಂದವೂ ಕಾಣದು.

ಪಟ್ಟಾ ಎಂಬುದು ಕಂದಾಯ ಇಲಾಖೆಯು ಭೂಮಿಯ ಹಿಡುವಳಿದಾರನ ಹೆಸರಿನಲ್ಲಿ ಕೊಡುವ ದಾಖಲೆ. ಚಿಟ್ಟಾ ಮತ್ತು ಅಡಂಗಲ್‌ಗಳು ಅದರ ಜೊತೆಗಾರ ಲೆಕ್ಕಗಳಾಗಿದ್ದು, ಅಡಂಗಲ್ ಹೆಚ್ಚುಕಡಿಮೆ ಕರ್ನಾಟಕದ ಪಹಣಿಯ ಕೆಲಸ ಮಾಡುತ್ತದೆ. ಒಂದೇ ಪಟ್ಟಾದಲ್ಲಿ ಹಲವರ ಹೆಸರಿದ್ದರೆ ಅದು ಕೂಟು ಪಟ್ಟಾ. ಅದರಲ್ಲಿ ಯಾರ ಪಾಲು ಯಾವ ಮೂಲೆಯದೆಂಬುದು ಗೊತ್ತಾಗದ ಕಾರಣ ಉಪವಿಭಾಗ ಮಾಡಿಸಿ ಪ್ರತ್ಯೇಕ ಪಟ್ಟಾ ಪಡೆದ ಮೇಲೆಯೇ ಕೊಳ್ಳುವುದು ಕ್ಷೇಮ.

ಈ ದಾಖಲೆಗಳನ್ನು ತಾಳೆ ನೋಡುವ ಬಗೆಯನ್ನು ಒಂದು ಕಾಲ್ಪನಿಕ ನಿವೇಶನದಿಂದ ವಿವರಿಸಬಹುದು. ಕ್ರಯಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರು 215/2, ವಿಸ್ತೀರ್ಣ 5 ಸೆಂಟ್ ಎಂದಿದೆ. ಒಂದು ಸೆಂಟ್ 435.6 ಚದರ ಅಡಿಯಾದುದರಿಂದ ಇದು 2,178 ಚದರ ಅಡಿ. ಪಟ್ಟಾದಲ್ಲಿ ಅದೇ ನೆಲ 215/2ಎ1 ಎಂದು ಉಪವಿಭಾಗಗೊಂಡು, ಹೆಕ್ಟೇರ್ ಮತ್ತು ಏರ್‌ಗಳ ಲೆಕ್ಕದಲ್ಲಿ ಸುಮಾರು 2 ಏರ್ ಎಂದು ನಮೂದಾಗಿರುತ್ತದೆ. ಎಫ್.ಎಂ.ಬಿ. ಎಂದು ಕರೆಯುವ ಕ್ಷೇತ್ರ ಅಳತೆಯ ನಕ್ಷೆಯಲ್ಲಿ ಆ ತುಂಡಿನ ಪ್ರತಿಯೊಂದು ಬದಿಯ ಉದ್ದ ಬರೆದಿರುತ್ತದೆ. ಆ ನಕ್ಷೆಯನ್ನು ಹಿಡಿದು, ಪರವಾನಗಿ ಪಡೆದ ಸರ್ವೇಯರನೊಂದಿಗೆ ಚಕ್ಕುಬಂದಿಯ ನಾಲ್ಕು ಬದಿಗಳನ್ನೂ ಟೇಪು ಹಾಕಿ ಅಳೆದಾಗ ಪೂರ್ವದ ಬದಿಯಲ್ಲಿ 3 ಅಡಿ ಕಡಿಮೆ ಬಂದರೆ, ಆ 3 ಅಡಿ ಪಕ್ಕದ ಮನೆಯ ಕಾಂಪೌಂಡಿನೊಳಗೆ ಹೋಗಿದೆಯೇ, ರಸ್ತೆಗೆ ಬಿಟ್ಟದ್ದೇ, ಇಲ್ಲವೇ ಹಳೆಯ ಪತ್ರದಲ್ಲೇ ತಪ್ಪಿತ್ತೇ ಎಂಬುದು ಮುಂಗಡ ಕೊಡುವ ಮೊದಲೇ ತೀರ್ಮಾನವಾಗಬೇಕು.

ನೆಲದ ವರ್ಗವೂ ಅಷ್ಟೇ ಮುಖ್ಯ. ಗ್ರಾಮ ನತ್ತಂ ಎಂದರೆ ಹಳ್ಳಿಯ ವಾಸಕ್ಕೆಂದು ಮೀಸಲಾದ, ನಮ್ಮ ಗ್ರಾಮಠಾಣಾವನ್ನು ಹೋಲುವ ನೆಲ, ಅದನ್ನು ಕೊಳ್ಳಬಹುದು. ಪೊರಂಬೋಕು ಎಂಬ ಸರ್ಕಾರಿ ನೆಲವನ್ನು, ಅದರಲ್ಲೂ ಕೆರೆ, ಹಳ್ಳಗಳ ಅಂಚನ್ನು, ಯಾರೇ ಮಾರಿದರೂ ಕೊಳ್ಳಬಾರದು. ಬ್ರಿಟಿಷರ ಕಾಲದಿಂದ ದಲಿತರಿಗೆ ಷರತ್ತಿನ ಮೇಲೆ ಹಂಚಲಾದ ಪಂಚಮಿ ಭೂಮಿಯನ್ನು ಇತರರು ಕೊಳ್ಳುವುದು ಕಾನೂನುಬಾಹಿರ, ಅನ್ಯಾಯವೂ ಹೌದು. ದೇವಸ್ಥಾನದ ಭೂಮಿಯನ್ನು 1959ರ ಧಾರ್ಮಿಕ ದತ್ತಿ ಕಾಯಿದೆಯಡಿ ಆಯುಕ್ತರ ಮಂಜೂರಾತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಪಶ್ಚಿಮಘಟ್ಟದ ತಪ್ಪಲಿನಲ್ಲಿ, ತೊಂಡಾಮುತ್ತೂರು, ಕಾರಮಡೈಗಳ ಕಡೆಗೆ, ಗುಡ್ಡಗಾಡು ಪ್ರದೇಶ ಸಂರಕ್ಷಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ ಗ್ರಾಮಗಳಿದ್ದು, ಆನೆಗಳ ಸಂಚಾರವಿರುವ ಈ ಸೆರಗಿನಲ್ಲಿ ಮನೆ ಕಟ್ಟಲು ಹೆಚ್ಚುವರಿ ಅನುಮತಿ ಬೇಕು.

ಮಂಜೂರಾಗದ ಬಡಾವಣೆಗಳ ಪ್ರಶ್ನೆ ಇಲ್ಲಿ ಸಾವಿರಾರು ಸಾಮಾನ್ಯ ಕುಟುಂಬಗಳನ್ನು ಮುಟ್ಟಿದೆ. ತೋಟವನ್ನು ತುಂಡುಮಾಡಿ ಡಿ.ಟಿ.ಸಿ.ಪಿ. ಎಂದು ಕರೆಯುವ ನಗರ ಯೋಜನಾ ಇಲಾಖೆಯ ಒಪ್ಪಿಗೆಯಿಲ್ಲದೆ ಮಾರಿದ ನಿವೇಶನಗಳ ನೋಂದಣಿಯನ್ನು ಮದರಾಸು ಉಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರಿನಲ್ಲಿ ತಡೆಯಿತು. ಸರ್ಕಾರ 2017ರಲ್ಲಿ ಸಕ್ರಮ ನಿಯಮಗಳನ್ನು ತಂದು, 2016ರ ಅಕ್ಟೋಬರ್ 20ಕ್ಕೆ ಮುಂಚಿನ ನಿವೇಶನಗಳಿಗೆ ಶುಲ್ಕ ಕಟ್ಟಿ ಸಕ್ರಮಗೊಳಿಸಿಕೊಳ್ಳುವ ಅವಕಾಶ ನೀಡಿತು. ಆದುದರಿಂದ ಡಿ.ಟಿ.ಸಿ.ಪಿ. ಮಂಜೂರಾತಿಯ ಸಂಖ್ಯೆ ಅಥವಾ ಸಕ್ರಮದ ಆದೇಶ ಇವೆರಡರಲ್ಲಿ ಒಂದಿಲ್ಲದ ನಿವೇಶನ ಅಗ್ಗವಾಗಿ ಕಂಡರೂ ದುಬಾರಿಯೇ ಸರಿ. ಅದಕ್ಕೆ ಕಟ್ಟಡದ ಅನುಮತಿ ಸಿಗದು, ಬ್ಯಾಂಕ್ ಸಾಲವೂ ದುರ್ಲಭ. 500 ಚದರ ಮೀಟರಿಗಿಂತ ದೊಡ್ಡದಾದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆಗಳು ರೇರಾ ಎಂಬ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು, ಮತ್ತು ಮನೆ ಕೈಗೆ ಬಂದ 5 ವರ್ಷದೊಳಗೆ ಕಂಡುಬರುವ ಕಟ್ಟಡದ ದೋಷವನ್ನು ನಿರ್ಮಾಣಗಾರನೇ ಉಚಿತವಾಗಿ ಸರಿಪಡಿಸಬೇಕು.

ತಿರುಪ್ಪೂರಿನಲ್ಲಿ ದಾಖಲೆಗಳ ಜೊತೆಗೆ ನೀರನ್ನೂ ಪರೀಕ್ಷಿಸಬೇಕು. ಬನಿಯನ್ ಉದ್ಯಮದ ಬಣ್ಣದ ಘಟಕಗಳ ತ್ಯಾಜ್ಯವು ನೊಯ್ಯಲ್ ನದಿಯನ್ನೂ ಅದರ ದಂಡೆಯ ಅಂತರ್ಜಲವನ್ನೂ ದಶಕಗಳ ಕಾಲ ಕೆಡಿಸಿತು. ತ್ಯಾಜ್ಯವನ್ನು ಹೊರಬಿಡದಿರುವ ಷರತ್ತನ್ನು ಪಾಲಿಸದ ಘಟಕಗಳನ್ನು ಮುಚ್ಚುವಂತೆ ಉಚ್ಚ ನ್ಯಾಯಾಲಯ ಆದೇಶಿಸಿದ್ದು 2011ರ ಜನವರಿಯಲ್ಲಿ. ನದಿಯ ಸಮೀಪದ ಮನೆಯನ್ನು ಕೊಳ್ಳುವಾಗ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣವನ್ನು ಅಳೆಸಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 500 ಮಿಲಿಗ್ರಾಮನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ಮೂಲವಿಲ್ಲದಿದ್ದರೆ 2,000ವನ್ನು ಗರಿಷ್ಠವೆಂದೂ ಹೇಳುತ್ತದೆ.

ಬೆಲೆ ಕುದುರಿದ ಮೇಲೆ ಮಾಡುವ ಕರಾರನ್ನು ತಮಿಳುನಾಡಿನಲ್ಲಿ 2012ರ ತಿದ್ದುಪಡಿಯ ನಂತರ ನೋಂದಾಯಿಸುವುದು ಕಡ್ಡಾಯ. ಇಪ್ಪತ್ತು ರೂಪಾಯಿ ಛಾಪಾಕಾಗದದ ಮೇಲೆ ಮುಂಗಡ ಕೊಡುವ ಹಳೆಯ ರೂಢಿಯನ್ನು ಬಿಡಲೇಬೇಕು. ಕ್ರಯಪತ್ರಕ್ಕೆ ಸಾಮಾನ್ಯವಾಗಿ 7% ಮುದ್ರಾಂಕ ಶುಲ್ಕ ಮತ್ತು 2% ನೋಂದಣಿ ಶುಲ್ಕ ತಗಲುತ್ತವೆ. 2017ರಿಂದ 4% ಇದ್ದ ನೋಂದಣಿ ಶುಲ್ಕವು 2023ರಲ್ಲಿ ಇಳಿಯಿತು, ಆದರೆ ಅದೇ ವೇಳೆಗೆ ಸರ್ಕಾರದ ಮಾರ್ಗಸೂಚಿ ಮೌಲ್ಯವು ಏರಿತು. ಆಸ್ತಿಯ ಮೌಲ್ಯ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮಾರುವವರು ಭಾರತದ ನಿವಾಸಿಯಾಗಿದ್ದಲ್ಲಿ, ಕೊಳ್ಳುವವರು 1% ಆದಾಯ ತೆರಿಗೆಯನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅಧಿಕಾರಪತ್ರದ ಮೂಲಕ ಮಾರುವವರಿದ್ದರೆ ಅದನ್ನು ಬರೆದುಕೊಟ್ಟವರು ಜೀವಂತವಾಗಿರುವರೆಂಬ ಪ್ರಮಾಣಪತ್ರವನ್ನು ಕೇಳಬೇಕು. ಅಧಿಕಾರಪತ್ರವೊಂದರಿಂದಲೇ ಸ್ವಾಮ್ಯ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಹೇಳಿದೆ.

ಪಿತ್ರಾರ್ಜಿತ ಮನೆಯನ್ನು ಮಾರುವವರು ಹೆಣ್ಣುಮಕ್ಕಳ ಸಹಿಯನ್ನು ಮರೆಯುವಂತಿಲ್ಲ. ತಮಿಳುನಾಡು 1989ರಲ್ಲೇ ಅವಿವಾಹಿತ ಪುತ್ರಿಯರಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಸಮಪಾಲು ಕೊಟ್ಟಿತು, 2005ರ ಕೇಂದ್ರ ತಿದ್ದುಪಡಿ ಅದನ್ನು ವಿವಾಹಿತೆಯರಿಗೂ ವಿಸ್ತರಿಸಿತು. ಕೊಯಮತ್ತೂರಿನಿಂದ ಬೆಂಗಳೂರಿಗೋ ಹೊಸೂರಿಗೋ ಮದುವೆಯಾಗಿ ಹೋದ ಅಕ್ಕತಂಗಿಯರು ಕ್ರಯಪತ್ರಕ್ಕೆ ಸಹಿ ಹಾಕದೆ, ಹಕ್ಕು ಬಿಡುಗಡೆ ಪತ್ರವನ್ನೂ ಕೊಡದೆ ಇದ್ದರೆ ಆ ಮಾರಾಟ ವರ್ಷಗಳ ನಂತರವೂ ಪ್ರಶ್ನೆಗೊಳಗಾಗಬಹುದು.

ಮನೆ ಕೊಂಡ ಮೇಲೆ ಪಟ್ಟಾ, ಆಸ್ತಿ ತೆರಿಗೆ, ನೀರು ಮತ್ತು ವಿದ್ಯುತ್ ಸಂಪರ್ಕಗಳ ಹೆಸರನ್ನು ಬದಲಿಸಿಕೊಳ್ಳಬೇಕು. ಆಸ್ತಿ ತೆರಿಗೆಯನ್ನು ಇಲ್ಲಿ ಅರ್ಧ ವರ್ಷಕ್ಕೊಮ್ಮೆ ಕಟ್ಟುತ್ತಾರೆ. ಬಾಡಿಗೆಗೆ ಕೊಡುವವರು 2019ರಲ್ಲಿ ಜಾರಿಗೆ ಬಂದ ಕಾಯಿದೆಯಂತೆ ಲಿಖಿತ ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು, ವಾಸದ ಮನೆಗೆ 3 ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು. ತೀರಿಹೋದ ಅಜ್ಜನ ಹೆಸರಿನಲ್ಲೇ ಪಟ್ಟಾ ಉಳಿದಿರುವ ಕುಟುಂಬಗಳು, ಎಲ್ಲ ವಾರಸುದಾರರೂ ಬದುಕಿರುವಾಗಲೇ ತಹಸೀಲ್ದಾರರಿಂದ ವಾರಸು ಪ್ರಮಾಣಪತ್ರ ಪಡೆದು ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು.