ಆರ್ಟಿಮಿಸಿಯ ಲುಡೊವಿಸಿಯಾನ

ದವನ, ಮಾಚಿಪತ್ರೆಗಳ ಕುಲಕ್ಕೆ ಸೇರಿದ ಬಹುವಾರ್ಷಿಕ ಮೂಲಿಕೆ. ಉತ್ತರ ಅಮೆರಿಕದ ಒಣ ಹುಲ್ಲುಗಾವಲು ಇದರ ನೆಲೆ. ಎಲೆಗೆ ಬೆಳ್ಳಿಯ ಹೊಳಪು ಕೊಡುವುದು ಒತ್ತಾಗಿ ಹೆಣೆದುಕೊಂಡ ಬಿಳಿ ರೋಮ. ಬೆರಳಿನಿಂದ ಉಜ್ಜಿದರೆ ಅಡಿಯ ಹಸಿರು ಕಾಣುತ್ತದೆ, ಕಹಿಬೆರೆತ ಘಮ ಕೈಗೆ ಹತ್ತುತ್ತದೆ.

ಇದರ ಇತಿಹಾಸವನ್ನು 1818ರಿಂದ ಎಣಿಸುವ ರೂಢಿಯಿದೆ. ಸಸ್ಯಶಾಸ್ತ್ರಜ್ಞ ಥಾಮಸ್ ನಟಾಲ್ ಈ ಹೆಸರನ್ನು ಪ್ರಕಟಿಸಿದ್ದು ಆ ವರ್ಷ. 'ಲುಡೊವಿಸಿಯಾನ' ಎಂದರೆ ಲೂಸಿಯಾನದ್ದು. ಆದರೆ ಇದು ಇಂದಿನ ಲೂಸಿಯಾನ ರಾಜ್ಯವಲ್ಲ. 1803ರಲ್ಲಿ ಫ್ರಾನ್ಸ್‌ನಿಂದ ಅಮೆರಿಕ ಕೊಂಡ ವಿಶಾಲ ಸೀಮೆ. ನಟಾಲ್ 1811ರಲ್ಲಿ ಮಿಸೌರಿ ನದಿಯುದ್ದಕ್ಕೂ ಗಿಡ ಸಂಗ್ರಹಿಸುತ್ತ ಸಾಗಿದ್ದು ಆ ಸೀಮೆಯಲ್ಲೇ.

ಬರಹದ ದಾಖಲೆ ಇನ್ನೂ ಹಿಂದಕ್ಕೆ ಹೋಗುತ್ತದೆ. 16ನೆಯ ಶತಮಾನದ ಮೆಕ್ಸಿಕೊದಲ್ಲಿ ಪಾದ್ರಿ ಸಹಗೂನ್ ಅಲ್ಲಿನ ನಾವಾ ಜನಾಂಗದ ವಿದ್ವಾಂಸರೊಡನೆ ಸಿದ್ಧಪಡಿಸಿದ ಫ್ಲಾರೆಂಟೈನ್ ಕೋಡೆಕ್ಸ್ ಎಂಬ ಗ್ರಂಥದಲ್ಲಿ 'ಇಸ್ತೌಯಾತ್ಲ್' ಎಂಬ ಮೂಲಿಕೆ ಬರುತ್ತದೆ. ಉಪ್ಪಿನ ದೇವಿ ವಿಶ್ತೋಸಿವಾತ್ಲಳ ಹಬ್ಬದಲ್ಲಿ ಹೆಂಗಸರು ಅದನ್ನು ತಲೆಗೆ ಮುಡಿದು ಕುಣಿಯುತ್ತಿದ್ದರು. ಇಂದಿಗೂ ಮೆಕ್ಸಿಕೊದ ಮನೆಗಳಲ್ಲಿ 'ಎಸ್ತಾಫಿಯಾತೆ' ಎಂಬ ಹೆಸರಿನಲ್ಲಿ ಹೊಟ್ಟೆನೋವಿನ ಕಷಾಯಕ್ಕೆ ಬೀಳುವುದು ಈ ಗಿಡವೇ. ಬಹುಕಾಲ ಅದನ್ನು ಆರ್ಟಿಮಿಸಿಯ ಮೆಕ್ಸಿಕಾನ ಎಂಬ ಬೇರೆ ಪ್ರಭೇದವೆಂದು ಎಣಿಸಿದ್ದರು. 1946ರಲ್ಲಿ ಸಸ್ಯಶಾಸ್ತ್ರಜ್ಞ ಡೇವಿಡ್ ಕೆಕ್ ಅದನ್ನು ಲುಡೊವಿಸಿಯಾನದ ಉಪಪ್ರಭೇದವಾಗಿಸಿದ ಮೇಲೆ ನಟಾಲ್‌ನದು, ಕೋಡೆಕ್ಸ್‌ನದು ಎರಡು ದಾಖಲೆಗಳೂ ಒಂದೇ ಗಿಡದ ಲೆಕ್ಕಕ್ಕೆ ಬಂದವು. ಸಸ್ಯಶಾಸ್ತ್ರದ ದೃಷ್ಟಿಯಿಂದ ನಿಜವಾದ ತಿರುವು ಇದೇ.

ಉತ್ತರ ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳ ಬಳಕೆಯನ್ನು ಹುಡುಕುವವರಿಗೂ ಹೆಸರೇ ತೊಡಕು. ಮೆಲ್ವಿನ್ ಗಿಲ್ಮೋರ್ 1919ರಲ್ಲಿ ಮಿಸೌರಿ ಸೀಮೆಯ ಬುಡಕಟ್ಟುಗಳ ಮೂಲಿಕೆಗಳನ್ನು ದಾಖಲಿಸಿದಾಗ ಇದನ್ನು ಬರೆದದ್ದು ಆರ್ಟಿಮಿಸಿಯ ನಾಫಲೋಡಿಸ್ ಎಂದು. ಆ ಹೆಸರೂ ನಟಾಲ್ ಕೊಟ್ಟದ್ದೇ, ಅದೇ 1818ರಲ್ಲಿ. ಅದೇ ಸೀಮೆಯ ಲಕೋಟಾ ಜನ ಇಂಥ ಗಿಡಗಳನ್ನು 'ಪೆಜಿ ಹೋಟ', ಅಂದರೆ ಬೂದು ಹುಲ್ಲು, ಎನ್ನುತ್ತಾರೆ. ಉಗಿಸ್ನಾನದ ಗುಡಿಸಿಲಿನ ನೆಲಕ್ಕೆ ಇದನ್ನು ಹಾಸುತ್ತಾರೆ, ಸೂರ್ಯನೃತ್ಯವೆಂಬ ಧಾರ್ಮಿಕ ಆಚರಣೆಯಲ್ಲಿ ತಲೆಗೆ ಸುತ್ತಿಕೊಳ್ಳುತ್ತಾರೆ. 1883ರಲ್ಲಿ ಅಮೆರಿಕ ಸರ್ಕಾರ ಆ ನೃತ್ಯವನ್ನೇ ಅಪರಾಧವೆಂದು ಸಾರಿತು. ಕದ್ದುಮುಚ್ಚಿ ಆಚರಣೆಯನ್ನು ಉಳಿಸಿಕೊಂಡವರ ಧಾರ್ಮಿಕ ಹಕ್ಕಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 1978ರಲ್ಲಿ.



ಈಚಿನ ಗೊಂದಲ ಈ ಗಿಡಕ್ಕೂ ಇರುವ 'ಬಿಳಿ ಸೇಜ್' ಎಂಬ ಹೆಸರಿನದು. ಧೂಪಕ್ಕೆಂದು ಆ ಹೆಸರಿನಲ್ಲಿ ಮಾರುವ ಕಟ್ಟುಗಳು ಹೆಚ್ಚಾಗಿ ಕ್ಯಾಲಿಫೋರ್ನಿಯದ ಸಾಲ್ವಿಯ ಏಪಿಯಾನದವು. ಅದು ತುಳಸಿಯ ಕುಟುಂಬ, ಇದು ಸೇವಂತಿಗೆಯ ಕುಟುಂಬ. ಅದರಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಇದರಲ್ಲಿ ಕಾಂಡದ ಮೇಲೆ ಒಂದಾದ ಮೇಲೊಂದು ಒಂಟಿಯಾಗಿ ಮೂಡುತ್ತವೆ.