ಒಂದು ತೊಲ ದಾರದ ಲೆಕ್ಕ

ನಮ್ಮ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂರುವವರಿಗೆ ದಾರದ ತೂಕದ ಚಿಂತೆಯಿಲ್ಲ. ದಾರಕ್ಕೆ ಕಟ್ಟಿದ ಸೀಸದ ಗುಂಡೇ ಎರೆಹುಳು, ಕೊಕ್ಕೆಗಳನ್ನು ಎಳೆದುಕೊಂಡು ನೀರಿಗೆ ಬೀಳುತ್ತದೆ. ಅಮೆರಿಕದ ಕೆರೆ, ಹೊಳೆಗಳಲ್ಲಿ ಬಾಸ್ ಮೀನಿನ ಬೆನ್ನು ಹತ್ತುವ ‘ಫ್ಲೈ ಫಿಷಿಂಗ್’ ಹವ್ಯಾಸಿಗಳ ಪಾಡು ಬೇರೆ. ಗರಿ, ಕೂದಲು, ಬೆಂಡಿನಿಂದ ಮಾಡಿದ ಅವರ ಹುಸಿ ಕೀಟಕ್ಕೆ ತೂಕವೆಂಬುದೇ ಇಲ್ಲ. ಅದನ್ನು ದೂರಕ್ಕೆ ಒಯ್ಯಬೇಕಾದದ್ದು ದಾರ. ಬೀಸಿದಾಗ ದಾರದ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಿ, ಮತ್ತೆ ನೆಟ್ಟಗಾಗುತ್ತ ದಾರವನ್ನು ಮುಂದಕ್ಕೆ ಚಿಮ್ಮಬೇಕು. ದಾರ ಹಗುರವಾದರೆ ಕೋಲು ಬಾಗದು. ತೀರಾ ಭಾರವಾದರೆ ಕೋಲೇ ಸೋತು, ದಾರ ಹತ್ತಿರದಲ್ಲೇ ಗುಡ್ಡೆಯಾಗುತ್ತದೆ.

ರೇಷ್ಮೆ ದಾರದ ಕಾಲದಲ್ಲಿ ಈ ಜೋಡಿ ಕೂಡಿಸುವುದು ಅಷ್ಟು ಕಷ್ಟವಿರಲಿಲ್ಲ. ಎಲ್ಲವೂ ರೇಷ್ಮೆಯೇ ಆದ್ದರಿಂದ ದಪ್ಪ ಹೇಳಿದರೆ ತೂಕ ಹೇಳಿದಂತೆಯೇ. ದಪ್ಪಕ್ಕೊಂದು ಇಂಗ್ಲಿಷ್ ಅಕ್ಷರವಿತ್ತು: ‘ಎ’ ಎಂದರೆ ಅಂಗುಲದ ಸಾವಿರ ಪಾಲಿನಲ್ಲಿ 60, ‘ಸಿ’ ಎಂದರೆ 50, ‘ಎಚ್’ ಎಂದರೆ 25. ಅಂಗಡಿಯಲ್ಲಿ ‘ಎಚ್‌ಸಿಎಚ್’ ಎಂದರೆ ಸಾಕು, ತುದಿಗಳೆರಡೂ ಸಣ್ಣಗಾಗಿ ನಡು ದಪ್ಪಗಿರುವ ದಾರ ಕೈಗೆ ಬರುತ್ತಿತ್ತು.

ಈ ಲೆಕ್ಕವನ್ನು ಕೆಡಿಸಿದ್ದು ನೈಲಾನ್. ಡುಪಾಂಟ್ ಕಂಪನಿ 1938ರಲ್ಲಿ ಜಗತ್ತಿಗೆ ಪ್ರಕಟಿಸಿದ ಈ ಕೃತಕ ನೂಲು ಎರಡನೇ ಮಹಾಯುದ್ಧದ ನಂತರ ಗಾಳದ ಅಂಗಡಿಗಳನ್ನೂ ಹೊಕ್ಕಿತು. ಅದು ರೇಷ್ಮೆಗಿಂತ ಹಗುರ. ಬೆನ್ನಿಗೇ ನೈಲಾನಿಗಿಂತ ಭಾರದ ಡೆಕ್ರಾನ್, ಪ್ಲಾಸ್ಟಿಕ್ ಲೇಪದ ದಾರಗಳು ಬಂದವು. ಅಕ್ಷರ ಅದೇ, ದಪ್ಪ ಅದೇ, ತೂಕ ಮಾತ್ರ ಒಂದೊಂದಕ್ಕೆ ಒಂದೊಂದು! ಹಳೆಯ ಕೋಲಿಗೆ ಹಳೆಯ ಅಕ್ಷರದ ಹೊಸ ದಾರ ತಂದವನ ಕೈಯಲ್ಲಿ ಕೋಲು ಬಾಗದೆ ನಿಂತಿತು.

ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘ 1961ರಲ್ಲಿ ದಪ್ಪವನ್ನು ಕೈಬಿಟ್ಟು ತಕ್ಕಡಿ ಹಿಡಿಯಿತು. ದಾರದ ಮೊದಲ 30 ಅಡಿಯನ್ನು ಗ್ರೇನ್ ಲೆಕ್ಕದಲ್ಲಿ ತೂಗಿ ನಂಬರು ಕೊಡುವುದೆಂದಾಯಿತು. 140 ಗ್ರೇನ್ ಇದ್ದರೆ 5ನೇ ನಂಬರು, 185ಕ್ಕೆ 7, 210ಕ್ಕೆ 8. ನಮ್ಮ ಹಳೆಯ ತೊಲ 180 ಗ್ರೇನ್ ತೂಗುತ್ತಿತ್ತು. ಅಂದರೆ 7ನೇ ನಂಬರಿನ 30 ಅಡಿ ದಾರ ಒಂದು ತೊಲಕ್ಕೆ ತುಸು ಹೆಚ್ಚು. 185ರ ಬದಲು 177 ಅಥವಾ 193 ಇದ್ದರೂ ನಡೆಯುತ್ತದೆ ಎಂಬ ರಿಯಾಯಿತಿಯೂ ಉಂಟು. ನಮ್ಮ ಚಿನಿವಾರರು ಇದನ್ನು ಒಪ್ಪಲಾರರು.

ಬಾಸ್‌ಗೆ 7 ಅಥವಾ 8 ಬೇಕೆನ್ನುವುದು ಮೀನಿನ ತೂಕಕ್ಕಿಂತ ಹೆಚ್ಚಾಗಿ ಹುಸಿ ಕೀಟದ ಗಾತ್ರದಿಂದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೆಂಡಿನ ‘ಬಾಸ್ ಬಗ್’ ಅನ್ನು ಜನಪ್ರಿಯಗೊಳಿಸಿದ ಶ್ರೇಯಸ್ಸು ಟೆನೆಸ್ಸಿ ರಾಜ್ಯದ ಚಾಟನೂಗ ಊರಿನ ಅರ್ನೆಸ್ಟ್ ಪೆಕಿನ್‌ಪಾ ಅವರಿಗೆ ಸಲ್ಲುತ್ತದೆ. ಇಂಥ ಉಬ್ಬು ಕೀಟ ಗಾಳಿಗೆ ಎದೆಯೊಡ್ಡುತ್ತದೆ. ಟ್ರೌಟ್ ಮೀನಿಗೆ ಸಾಕಾಗುವ 5ನೇ ನಂಬರಿನ ದಾರ ಅದನ್ನು ನೂಕಲಾರದೆ ಹೆಣಗುತ್ತದೆ.

ಆದರೂ ಒಂದು ತೊಡಕು ಉಳಿಯಿತು. ಸಂಘ ತೂಗಿದ್ದು ದಾರವನ್ನು, ಕೋಲನ್ನಲ್ಲ. ಕೋಲಿನ ಮೇಲಿನ ‘7’ ತಯಾರಕನ ಸಲಹೆ ಮಾತ್ರ. ಬಿರುಸು ಕೋಲುಗಳಿಗಾಗಿ ನಿಗದಿಗಿಂತ ಅರ್ಧ ಅಥವಾ ಇಡೀ ನಂಬರಿನಷ್ಟು ಭಾರದ ದಾರವನ್ನು ಅದೇ ‘7’ರ ಹೆಸರಿನಲ್ಲಿ ಮಾರುವ ಕಂಪನಿಗಳೂ ಇವೆ. ಹೀಗಾಗಿ ಅನುಭವಸ್ಥರು ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು, ಸಣ್ಣಕ್ಷರದಲ್ಲಿ ಅಚ್ಚಾದ ಗ್ರೇನ್ ಸಂಖ್ಯೆಯನ್ನು ಹುಡುಕುತ್ತಾರೆ.